ಕಲ್ಲು ಕೊಟ್ಟಾಕಿ

ಗುತ್ತಿಗೆದಾರರ ಟ್ರೇಲರು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ ದಸ್ತಗಿರಮ್ಮನ ಗುಡಿಸಲನ್ನು ನೆಲಸಮ ಮಾಡಿತು. ಟ್ರೇಲರಿನ ದಾರಿಗೆ ಅಡ್ಡವಾಗಿ ಗುಡಿಸಲು ಕಟ್ಟಿದ್ದು ತನ್ನ ತಪ್ಪು ಎಂದು ದಸ್ತಗಿರಮ್ಮನಿಂದ ಹೆಬ್ಬೆಟ್ಟು ಒತ್ತಿಸಿಕೊಂಡರು.

ಕಾಗದ ಬರೆದವನು ಬಜಾರಪ್ಪ, ಕಾಲುವೆ ಕ್ಯಾಂಪಿನ ಗುಮಾಸ್ತ. ಅವನ ಅಕ್ಷರ ಬಲು ದುಂಡಗೆ. ಅಂಥ ಅಕ್ಷರದಲ್ಲಿ ಬರೆದರೆ ಸುಳ್ಳಿಗೂ ಒಂದು ಮರ್ಯಾದೆ ಬರುತ್ತಿತ್ತು. ಟ್ರೇಲರು ಉರುಳಿದ್ದೂ ಬಜಾರಪ್ಪನಿಂದಲೇ. ಅನಾಹುತ ಮಾಡುವುದು, ಅದರ ವರದಿ ಬರೆಯುವುದು ಎರಡೂ ಒಬ್ಬನ ಕೈಯಲ್ಲೇ ಇದ್ದುದರಿಂದ ಕ್ಯಾಂಪಿನ ಆಡಳಿತದಲ್ಲಿ ಗೊಂದಲಕ್ಕೆ ಆಸ್ಪದವೇ ಇರಲಿಲ್ಲ.

ಆಂಧ್ರ ರಾಜ್ಯ ಹುಟ್ಟಿ ಇನ್ನೂ ಏಳು ತಿಂಗಳಾಗಿತ್ತು. ತುಂಗಭದ್ರೆಯ ನೀರನ್ನು ನಮ್ಮ ಸೀಮೆಗೆ ತರಲು ಕಾಲುವೆ ತೋಡುತ್ತಿದ್ದರು. ಕೋಸಗಿ ಸ್ಟೇಷನ್ನಿನಿಂದ ಮೂರು ಮೈಲಿ ದೂರದ ಒಂದು ಬೋಳುಗುಡ್ಡದ ಮೈಮೇಲೆ ಕ್ಯಾಂಪು. ಮೇಲೆ ಲಾರಿ ರಸ್ತೆ. ಇಳಿಜಾರಿನಲ್ಲಿ ಕೂಲಿಗಳ ಗುಡಿಸಲುಗಳು. ತಳದಲ್ಲಿ ಒಂದೇ ಒಂದು ಸಮತಟ್ಟು ಜಾಗ. ಆ ಜಾಗದಲ್ಲಿ ಗುತ್ತಿಗೆದಾರರ ಡೇರೆ. ಇಳಿಜಾರಿನಲ್ಲಿ ಮಲಗಿದರೆ ಗುತ್ತಿಗೆದಾರರಿಗೆ ನಿದ್ದೆ ಬರುವುದಿಲ್ಲವಂತೆ. ಟ್ರೇಲರಿಗೆ ಬರುತ್ತದೆ ಎಂದು ಅವರ ನಂಬಿಕೆ. ಕೂಲಿಗಳಿಗೆ ಬರುತ್ತದೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ.

ಈ ಟ್ರೇಲರಿನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಮಾಲು ಅದು. ಹಿಂದೆ ಗಾಲಿಗಳಿವೆ, ಮುಂದೆ ಇಲ್ಲ. ಮುಂಭಾಗದ ಹೊಟ್ಟೆಯಡಿ ಒನಕೆಯಂಥ ಒಂದು ಕಬ್ಬಿಣದ ಗೂಟ. ಎಳೆಯುವ ಲಾರಿಯ ಬೆನ್ನ ಮೇಲೆ ರೊಟ್ಟಿ ಹಂಚಿನಂಥ ದುಂಡು ತಟ್ಟೆ. ತಟ್ಟೆಯ ಸೀಳಿನೊಳಗೆ ಗೂಟ ನುಗ್ಗಿದರೆ ಎರಡು ದವಡೆ ಅದನ್ನು ಕಚ್ಚಿ ಹಿಡಿಯುತ್ತವೆ. ಬಿಡಿಸಬೇಕಾದರೆ ಪಕ್ಕದ ಹಿಡಿಯನ್ನು ಎಳೆಯಬೇಕು. ಲಾರಿ ಹೊರಟುಹೋದ ಮೇಲೆ ಟ್ರೇಲರು ಮೂಗು ನೆಲಕ್ಕೆ ಹೊಡೆಯದಂತೆ ಎರಡು ಊರುಗಾಲು. ಅವುಗಳ ತುದಿಯಲ್ಲೂ ಪುಟ್ಟ ಗಾಲಿ. ಆ ದುಂಡು ತಟ್ಟೆಗೆ ಇಂಗ್ಲಿಷರು ಐದನೇ ಗಾಲಿ ಎಂದು ಹೆಸರಿಟ್ಟಿದ್ದಾರೆ. ಉರುಳದೆ, ಕೂತಲ್ಲೇ ಕೂತು, ಗಾಲಿ ಎಂಬ ಹುದ್ದೆ ಅನುಭವಿಸುವ ಇಂಥ ವಸ್ತುಗಳು ನಮ್ಮ ಎಷ್ಟೋ ಕಚೇರಿಗಳಲ್ಲಿ ಕಾಣಸಿಗುತ್ತವೆ.

ಟ್ರೇಲರು ಬಂದ ದಿನ ಗುತ್ತಿಗೆದಾರರು ಎಲ್ಲರನ್ನೂ ಸೇರಿಸಿ ಕೇಳಿದರು. ಅವರದು ತೆಲುಗು ಮಾತು. ಬೈಯುವಾಗ ಮಾತ್ರ ಕನ್ನಡ ಸರಾಗವಾಗಿ ಬರುತ್ತಿತ್ತು.

"ಏಮಯ್ಯಾ, ಇದನ್ನ ಹೂಡೋದು ಬಿಡೋದು ಯಾರಿಗೆ ಗೊತ್ತು?"

ಲಾರಿ ಡ್ರೈವರ್ ಮೌಲಾಲಿ ಬಾಯಿ ತೆರೆಯುವಷ್ಟರಲ್ಲಿ ಬಜಾರಪ್ಪ ಕಿವಿಯ ಮೇಲಿನ ಪೆನ್ಸಿಲನ್ನು ಕೈಗೆ ತೆಗೆದುಕೊಂಡು ಒಂದು ಹೆಜ್ಜೆ ಮುಂದೆ ಬಂದ.

"ಯುದ್ಧದಾಗ ಬಳ್ಳಾರಿ ಮಿಲಿಟರಿ ಕ್ಯಾಂಪಿನಾಗ ಮೂರು ವರ್ಷ ಇದ್ದೆ ಸ್ವಾಮಿ. ಇಂಥವನ್ನ ದಿನಾ ನೋಡೀನಿ."

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇಟಲಿ ಕೈದಿಗಳ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ, ಕಿಟಕಿಯಿಂದ ಅವನು ಇಂಥವನ್ನು ದಿನಾ ನೋಡಿದ್ದ. ಗುತ್ತಿಗೆದಾರರು ಕಿಟಕಿಯ ವಿಷಯ ಕೇಳಲಿಲ್ಲ, ಬಜಾರಪ್ಪ ಹೇಳಲಿಲ್ಲ. ಆ ಕ್ಷಣದಿಂದ ಅವನು ಟ್ರೇಲರ್ ಇನ್‌ಚಾರ್ಜ್. ಕೊರಳಿಗೆ ಒಂದು ಸೀಟಿಯನ್ನೂ ಕಟ್ಟಿಕೊಂಡ.

ಮೊದಲ ಸಲ ಬಿಡುವಾಗ ಲಾರಿಯ ಮುಖ ಗುಡ್ಡದ ಮೇಲಕ್ಕಿತ್ತು, ಟ್ರೇಲರಿನ ಬೆನ್ನು ಕೆಳಕ್ಕೆ. ಟ್ರೇಲರಿನ ಭಾರವೆಲ್ಲ ಗೂಟವನ್ನು ಹಿಂದಕ್ಕೆ ಜಗ್ಗುತ್ತಿತ್ತು. ಅಂಥ ಹೊತ್ತಿನಲ್ಲಿ ಹಿಡಿ ಬರುವುದಿಲ್ಲ.

"ಅರೆ ಭಾಯ್, ಲಾರಿ ಸ್ವಲ್ಪ ಹಿಂದಕ್ಕ ತರ್ತೀನಿ, ಹಿಡಿ ಸಡ್ಲ ಆಗ್ತೈತಿ" ಎಂದ ಮೌಲಾಲಿ.

"ಮಿಲಿಟರಿಯಾಗ ಹಿಂದಕ್ಕ ಹೋಗೋ ಪದ್ಧತಿ ಇಲ್ಲ" ಎಂದ ಬಜಾರಪ್ಪ.

ಊರುಗಾಲು ಇಳಿಸಿದರು. ಹಿಡಿಗೆ ಹಗ್ಗ ಕಟ್ಟಿ ಹನ್ನೆರಡು ಮಂದಿಯನ್ನು ನಿಲ್ಲಿಸಿದರು. ಬಜಾರಪ್ಪ ಸೀಟಿ ಊದಿದ. ಹನ್ನೆರಡು ಮಂದಿಯೂ ಅಂಗಾತ ಬಿದ್ದರು. ಹಿಡಿ ಬಂತು, ದವಡೆ ಬಿಟ್ಟಿತು, ಟ್ರೇಲರು ಹೊರಟಿತು. ಹಿಂದಕ್ಕೆ ಹೋಗುವ ಪದ್ಧತಿ ಮಿಲಿಟರಿಯಲ್ಲಿ ಇರಲಿ ಬಿಡಲಿ, ಮಿಲಿಟರಿ ಟ್ರೇಲರಿಗೆ ಅದು ಬಲು ಚೆನ್ನಾಗಿ ಬರುತ್ತಿತ್ತು. ಇಳಿಜಾರಿನ ನಡುವೆ ಒಂದು ದೊಡ್ಡ ಬಂಡೆ. ಬಂಡೆಗೆ ಬೆನ್ನು ಕೊಟ್ಟು ದಸ್ತಗಿರಮ್ಮನ ಗುಡಿಸಲು. ಟ್ರೇಲರು ಗುಡಿಸಲನ್ನು ದಾಟಿ ಬಂಡೆಗೆ ಗುದ್ದಿ ನಿಂತಿತು. ದಸ್ತಗಿರಮ್ಮ ಮಣ್ಣು ಹೊರಲು ಹೋಗಿದ್ದಳು. ಕೋಳಿ ಹಾರಿ ಬದುಕಿತು. ಉಳಿದಿದ್ದು ಒಲೆಯ ಮೂರು ಕಲ್ಲು.

ಗುತ್ತಿಗೆದಾರರು ಸ್ಥಳ ಪರೀಕ್ಷೆ ಮಾಡಿ ಎರಡು ತೀರ್ಮಾನ ಕೊಟ್ಟರು. ಒಂದು, ಗುಡಿಸಲು ಅಡ್ಡ ಕಟ್ಟಿದ್ದರಿಂದ ಟ್ರೇಲರಿಗೆ ಪೆಟ್ಟಾಗಿದೆ; ಆದ್ದರಿಂದ ಹೆಬ್ಬೆಟ್ಟು. ಆ ಕಾಗದ ಕಡತದಲ್ಲಿ ಇರುವವರೆಗೆ ಕ್ಯಾಂಪಿನಲ್ಲಿ ದಸ್ತಗಿರಮ್ಮನಿಗೆ ಗುಡಿಸಲು ಹಾಕಲು ಜಾಗವಿಲ್ಲ. ಎರಡು, ಇನ್ನು ಮುಂದೆ ಟ್ರೇಲರಿಗೆ ಏನೂ ಅಡ್ಡ ಬರಕೂಡದು. ಆ ನೇರದಲ್ಲಿದ್ದ ಎಂಟು ಗುಡಿಸಲುಗಳನ್ನು ಕಿತ್ತು ಗುಡ್ಡದ ನೆತ್ತಿಗೆ ಸಾಗಿಸಿದರು. ಕಲ್ಲೊಡೆಯುವ ಯಂಕಣ್ಣನನ್ನು ಕರೆಸಿ ಬಂಡೆಗೆ ಮದ್ದಿಟ್ಟು ಸಿಡಿಸಿದರು.

ಯಂಕಣ್ಣ ಬತ್ತಿಗೆ ಬೆಂಕಿ ಹಚ್ಚುವ ಮುನ್ನ ಒಮ್ಮೆ ಕೆಳಗೆ ನೋಡಿದ, ಒಮ್ಮೆ ಮೇಲೆ ನೋಡಿದ. "ಸ್ವಾಮೀ, ಈ ಬಂಡೆ ಇರ್ಲಿಲ್ಲ ಅಂದ್ರ..." ಎಂದು ಶುರುಮಾಡಿದ.

"ನಿನ್ನ ಕೇಳಿದ್ನಾ?" ಎಂದರು ಗುತ್ತಿಗೆದಾರರು, ಅಚ್ಚ ಕನ್ನಡದಲ್ಲಿ.

ಯಂಕಣ್ಣನನ್ನು ಯಾರೂ ಕೇಳಿರಲಿಲ್ಲ. ಬಂಡೆ ಸಿಡಿಯಿತು.

ಮನೆ ಕಳೆದುಕೊಂಡ ದಸ್ತಗಿರಮ್ಮನನ್ನು ಕೈಹಿಡಿದು ಕರೆದುಕೊಂಡು ಹೋದವಳು ಶೇಷಮ್ಮ. ಶೇಷಮ್ಮ ಬೇರೆ ಯಾರೂ ಅಲ್ಲ, ಬಜಾರಪ್ಪನ ಹೆಂಡತಿ. ಬಜಾರಪ್ಪ ಸಂಜೆ ತನ್ನ ತಗಡಿನ ಮನೆಗೆ ಬಂದಾಗ, ಯಾರ ಹೆಬ್ಬೆರಳನ್ನು ಹಿಡಿದು ಮಸಿಗೆ ಅದ್ದಿದ್ದನೋ ಆಕೆ ಅವನ ಒಲೆಯ ಮುಂದೆ ಕೂತು ಅವನಿಗೇ ರೊಟ್ಟಿ ಬಡಿಯುತ್ತಿದ್ದಳು.

"ಇವರ್ಯಾಕ ಇಲ್ಲಿ?" ಎಂದು ಅವನು ಹೆಂಡತಿಯ ಕಿವಿಯಲ್ಲಿ ಕೇಳಿದ.

ಶೇಷಮ್ಮನಿಗೆ ಕಿವಿಮಾತಿನ ಅಭ್ಯಾಸವಿರಲಿಲ್ಲ. "ಆಕಿ ಗುಡಿಸಲು ನಿಮ್ಮ ಟ್ರೇಲರಿಗೆ ಅಡ್ಡ ಬಂದೈತಂತಲ್ಲ, ನಮ್ಮ ಮನಿ ಇನ್ನೂ ಬಂದಿಲ್ಲ. ಬರೋತನಕ ಇಲ್ಲೇ ಇರ್ಲಿ" ಎಂದಳು ಹನ್ನೆರಡು ಮನೆಗೆ ಕೇಳುವಂತೆ. "ತಿನ್ರಿ. ರೊಟ್ಟಿ ಆಕಿ ಬಡಿದದ್ದು. ಇದಕ್ಕೂ ಒಂದು ಹೆಬ್ಬೆಟ್ಟು ಒತ್ತಿಸ್ಕೊಳ್ರಿ, ಆಮ್ಯಾಲ ತಗಾದೆ ಬ್ಯಾಡ."

ಬಜಾರಪ್ಪ ರೊಟ್ಟಿ ತಿಂದ. ರೊಟ್ಟಿ ಚೆನ್ನಾಗಿತ್ತು. ಅದೇ ಅವನಿಗೆ ಕಷ್ಟವಾದದ್ದು.

ಮಂಗಳವಾರ ಕೋಸಗಿ ಸ್ಟೇಷನ್ನಿಗೆ ರೈಲಿನಲ್ಲಿ ರೋಡ್ ರೋಲರ್ ಬಂತು. ಹತ್ತು ಟನ್ನಿನ ಆ ರೋಲರನ್ನು ಟ್ರೇಲರಿನ ಮೇಲೆ ಹೇರಿಕೊಂಡು ಮೌಲಾಲಿ ಕ್ಯಾಂಪಿಗೆ ಬಂದ. ಶನಿವಾರ ದೊಡ್ಡ ಎಂಜಿನಿಯರ್ ಸಾಹೇಬರು ತನಿಖೆಗೆ ಬರುವವರು; ಅಷ್ಟರೊಳಗೆ ರೋಲರು ಕಾಲುವೆಯ ದಂಡೆ ಮುಟ್ಟಬೇಕು. ಆದರೆ ಅಂದೇ ಲಾರಿಗೆ ಬೇರೆ ಕೆಲಸವಿತ್ತು. ಹಾಗಾಗಿ ಟ್ರೇಲರನ್ನು ರೋಲರಿನ ಸಮೇತ ಇಳಿಜಾರಿನಲ್ಲೇ ಬಿಡಬೇಕಾಯಿತು.

ಬಜಾರಪ್ಪ ಸೀಟಿ ಬಾಯಿಗಿಟ್ಟ. ಹಗ್ಗದವರು ಹಗ್ಗ ಹಿಡಿಯಲಿಲ್ಲ. ಎಲ್ಲರೂ ಗುಡ್ಡದ ಕೆಳಗೆ ನೋಡುತ್ತಿದ್ದರು. ಅಲ್ಲಿಂದ ದಸ್ತಗಿರಮ್ಮ ತನ್ನ ಹಾಳು ಗುಡಿಸಲಿನ ಒಲೆಯ ದೊಡ್ಡ ಕಲ್ಲನ್ನು ಸೊಂಟಕ್ಕೆ ಎತ್ತಿಕೊಂಡು ಹತ್ತಿ ಬರುತ್ತಿದ್ದಳು. ಬಂದವಳು ಯಾರನ್ನೂ ಮಾತಾಡಿಸದೆ ಟ್ರೇಲರಿನ ಹಿಂದಿನ ಗಾಲಿಯ ಬುಡಕ್ಕೆ ಕಲ್ಲನ್ನು ಒತ್ತಿ ಕೊಟ್ಟಳು. ಕಾಲಿನಿಂದ ಎರಡು ಸಲ ಒದ್ದು ಭದ್ರ ಮಾಡಿದಳು. ಅವಳದು ಚಿಪ್ಪಗಿರಿಯ ಬಂಡಿ ಹೊಡೆಯುವ ಮನೆತನ.

"ಗಾಲಿಗೆ ಕಲ್ಲು ಕೊಡದ ಎತ್ತಿನ ಕೊಳ್ಳ ಹರೀತೀರೇನ್ರೀ?" ಎಂದಳು ಬಜಾರಪ್ಪನಿಗೆ. "ಮೌಲಾಲಣ್ಣ, ಈಗ ಲಾರಿ ಒಂದು ಗೇಣು ಹಿಂದಕ್ಕ ತಗೋ. ನೊಗ ಹಗುರಾದ್ರ ಎತ್ತು ತಾನ ಕೊರಳು ತಗೀತೈತಿ."

ಮೌಲಾಲಿ ಒಂದು ಗೇಣು ಹಿಂದಕ್ಕೆ ತಂದ. ದಸ್ತಗಿರಮ್ಮ ಎರಡು ಬೆರಳಲ್ಲಿ ಹಿಡಿ ಎಳೆದಳು. ಅದು ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಲಾರಿ ಮುಂದೆ ಹೋಯಿತು. ಟ್ರೇಲರು ಕಲ್ಲಿಗೆ ಆತು ನಿಂತಿತು.

"ಇದ ನೋಡ್ರಿ, ಮಿಲಿಟರಿ ಪದ್ಧತಿ" ಎಂದ ಬಜಾರಪ್ಪ.

ಹನ್ನೆರಡು ಮಂದಿ ಒಟ್ಟಿಗೆ ನಕ್ಕರು. ಅವನು ಸೀಟಿ ಊದಿ ನಗುವನ್ನು ನಿಲ್ಲಿಸಿದ.

ಬುಧವಾರ ಬೆಳಿಗ್ಗೆ ಮೌಲಾಲಿ ಲಾರಿ ತಂದ. ಕಾಲುವೆಯ ದಾರಿಗೆ ತಿರುಗಿಸಬೇಕಾದರೆ ಹೂಡಿದ ಟ್ರೇಲರನ್ನು ಮೊದಲು ನಾಲ್ಕು ಮಾರು ಹಿಂದಕ್ಕೆ ಬಿಡಬೇಕು, ಹಿಂದೆ ಕಲ್ಲು. ಬಜಾರಪ್ಪ ಯಂಕಣ್ಣನನ್ನು ಕರೆದು, "ಲಾರಿ ಹೂಡಿದ ಕೂಡ್ಲೇ ಆ ಕಲ್ಲು ತಗೀಬೇಕು, ಅಲ್ಲೇ ನಿಲ್ಲು" ಎಂದ.

"ಕೊಟ್ಟಾಕಿನೇ ತೆಗೀಬೇಕ್ರಿ" ಎಂದ ಯಂಕಣ್ಣ.

ನಮ್ಮ ಸೀಮೆಯ ಬಂಡಿ ಹಾದಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏರಿನಲ್ಲಿ ಮೂವತ್ತು ಬಂಡಿ ಸಾಲಾಗಿ ನಿಂತಾಗ, ಯಾವ ಗಾಲಿಗೆ ಯಾರು ಕಲ್ಲು ಕೊಟ್ಟರೋ ಅವರೇ ಬಂದು ತೆಗೆಯಬೇಕು. ನೊಗ ಹೂಡಿದೆಯೋ ಇಲ್ಲವೋ, ಹಿಂದೆ ಮಗು ಮಲಗಿದೆಯೋ ಇಲ್ಲವೋ, ಅದು ಕೊಟ್ಟವರಿಗೇ ಗೊತ್ತು. ಇನ್ನೊಬ್ಬರು ಕೊಟ್ಟ ಕಲ್ಲಿಗೆ ಕೈ ಹಾಕುವವನಿಗೆ ನಮ್ಮಲ್ಲಿ ಹೆಣ್ಣು ಕೊಡುವುದಿಲ್ಲ. ಇದಕ್ಕೆ ದೇವರಿಲ್ಲ, ಪೂಜೆಯಿಲ್ಲ. ಹಿಂದೆ ಯಾರೋ ಸತ್ತಿದ್ದಾರೆ, ಅಷ್ಟೇ.

ಬಜಾರಪ್ಪ ದಸ್ತಗಿರಮ್ಮನ ಹತ್ತಿರ ಹೋದ. ಅವಳು ಮಣ್ಣಿನ ಪುಟ್ಟಿ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

"ತೆಗೀತೀನ್ರಿ, ಅದಕ್ಕೇನು. ನನ್ನ ಹೆಬ್ಬೆಟ್ಟಿನ ಕಾಗದ ಕೊಡ್ರಿ, ಬಂದು ತೆಗೀತೀನಿ. ಒಲಿ ಕಲ್ಲು ನನಗೂ ಬೇಕು. ಗುಡಿಸಲು ಹಾಕ್ಬೇಕಲ್ಲ."

ಕಾಗದ ಬಜಾರಪ್ಪನ ಪೆಟ್ಟಿಗೆಯಲ್ಲೇ ಇತ್ತು. ಆದರೆ ಅದನ್ನು ಕೊಡಬೇಕೆಂದರೆ ಗುತ್ತಿಗೆದಾರರನ್ನು ಕೇಳಬೇಕು. ಕೇಳಿದರೆ ಟ್ರೇಲರು ಯಾಕೆ ಉರುಳಿತೆಂಬ ಮಾತು ಬರುತ್ತದೆ. ಆ ಮಾತು ಬಂದರೆ ಅಡಿಗೆಮನೆಯ ಕಿಟಕಿ ಬರುತ್ತದೆ. ಹೀಗಾಗಿ ಅವನು ಎಲ್ಲ ಗುಮಾಸ್ತರೂ ಮಾಡುವಂತೆ ವರದಿ ಬರೆದ: "ಸದರಿ ಕಲ್ಲಿನ ಸಂಬಂಧ ಕೂಲಿಗಳಲ್ಲಿ ಒಂದು ಕಟ್ಟುಪಾಡು ಇರುತ್ತದೆ. ಅದನ್ನು ಮೀರಲು ಒಬ್ಬರೂ ತಯಾರಿಲ್ಲ. ಇದಕ್ಕೆ ಮುಖ್ಯಸ್ಥೆ ಒಬ್ಬ ಹೆಂಗಸು. ಆಕೆಯ ಬೇಡಿಕೆ ಈಡೇರುವವರೆಗೆ ಟ್ರೇಲರು ಕದಲುವುದಿಲ್ಲ."

ದುಂಡು ಅಕ್ಷರದ ಅಪಾಯ ಇದು. ಗುತ್ತಿಗೆದಾರರು ವರದಿಯನ್ನು ತೆಲುಗಿನಲ್ಲಿ ಓದಿಸಿ ಕೇಳಿ ಕುರ್ಚಿಯಿಂದ ಎದ್ದುಬಿಟ್ಟರು.

"ಸಂಘಂ! ನಾ ಕ್ಯಾಂಪುಲೋ ಕೂಲಿ ಸಂಘಂ ಪೆಟ್ಟಾರು, ಸಂಘ ಕಟ್ಟಿದಾರೆ! ಕಮ್ಯುನಿಸ್ಟುಲು!"

ಗುರುವಾರ ಕೋಸಗಿಯಿಂದ ಹೆಡ್ ಕಾನ್‌ಸ್ಟೇಬಲ್ ಉಚ್ಚೀರಪ್ಪ ಸೈಕಲ್ಲಿನಲ್ಲಿ ಬಂದ. ಬಿಸಿಲಿಗೆ ಬೆಂದು ಬಂದವನು ಮೊದಲು ಒಂದು ತಂಬಿಗೆ ನೀರು ಕುಡಿದು, ಆಮೇಲೆ ಸಂಘವನ್ನು ನೋಡಬೇಕೆಂದ. ಗುತ್ತಿಗೆದಾರರು ಕಲ್ಲನ್ನು ತೋರಿಸಿದರು.

ಉಚ್ಚೀರಪ್ಪ ಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಬಂದ.

"ಬಣ್ಣ ನೋಡಯ್ಯಾ" ಎಂದರು ಗುತ್ತಿಗೆದಾರರು. "ಕೆಂಪು!"

"ಆದೋನಿ ಸುತ್ತಮುತ್ತ ಗುಡ್ಡ ಎಲ್ಲಾ ಹಿಂಗ ಕೆಂಪು ಅದಾವ್ರಿ" ಎಂದ ಉಚ್ಚೀರಪ್ಪ. "ಎಲ್ಲಾನೂ ಸ್ಟೇಷನ್ನಿಗೆ ಒಯ್ಯಾಕ ಆಗಂಗಿಲ್ಲ."

ಆದರೂ ತನಿಖೆ ತನಿಖೆಯೇ. ಒಂದು ಮಣ್ಣಿನ ಗುಡ್ಡೆಯ ಮೇಲೆ ಕೂತು, ನಲವತ್ತು ಮಂದಿಯನ್ನು ಒಬ್ಬೊಬ್ಬರಾಗಿ ಕರೆದು, ಈ ಕಲ್ಲನ್ನು ಯಾಕೆ ತೆಗೆಯುವುದಿಲ್ಲ ಎಂದು ಕೇಳಿದ. ಮೊದಲನೆಯವನು, "ಕೊಟ್ಟಾಕಿನೇ ತೆಗೀಬೇಕ್ರಿ" ಎಂದ. ಎರಡನೆಯವಳು, "ಕೊಟ್ಟಾಕಿನೇ ತೆಗೀಬೇಕ್ರಿ" ಎಂದಳು. ಏಳನೆಯವನು ಕಿವುಡ, ಪ್ರಶ್ನೆ ಕೇಳಿಸದಿದ್ದರೂ ಉತ್ತರ ಅದೇ ಕೊಟ್ಟ. ಹದಿನೈದಕ್ಕೆ ಉಚ್ಚೀರಪ್ಪ ಬರೆಯುವುದನ್ನು ಬಿಟ್ಟು ಬರೀ ಗೀಟು ಹಾಕತೊಡಗಿದ.

"ಚೂಶಾರಾ?" ಎಂದರು ಗುತ್ತಿಗೆದಾರರು ಗೆದ್ದವರಂತೆ. "ನಲವತ್ತು ಜನ, ಒಂದೇ ಮಾತು! ಸಂಘಂ ಕಾಕಪೋತೆ ಇದೇಮಿ? ಸಂಘ ಅಲ್ದೆ ಇನ್ನೇನು?"

ಉಚ್ಚೀರಪ್ಪ ಪುಸ್ತಕ ಮುಚ್ಚಿದ. "ಸ್ವಾಮಿ, ನಾನು ಸಂಘದವ್ರನ್ನ ನೋಡೀನಿ, ಹಿಡಿದೂ ಹಿಡಿದೀನಿ. ಅವರು ಇಬ್ಬರು ಸೇರಿದ್ರ ಮೂರು ಅಭಿಪ್ರಾಯ ಇರ್ತಾವ. ನಲವತ್ತು ಮಂದಿ ಒಂದ ಮಾತು ಅಂದ್ರ ಅದು ಸಂಘ ಅಲ್ರಿ."

"ಹಾಗಾದ್ರೆ ನೀನೇ ತೆಗಿ ಕಲ್ಲು! ಸರ್ಕಾರದ ಬೆಲ್ಟು ಕಟ್ಟೀಯಲ್ಲ!"

ಉಚ್ಚೀರಪ್ಪ ಬೆಲ್ಟು ಸರಿಮಾಡಿಕೊಂಡು ಬಗ್ಗಿದ. ಕೈ ಚಾಚಿದ. ಕಲ್ಲಿಗೂ ಕೈಗೂ ಒಂದು ಬೆರಳು ಅಂತರವಿರುವಾಗ ಕೈ ನಿಂತಿತು.  ಅವನು ಹಾಗೇ ಬಗ್ಗಿದಲ್ಲಿಂದ ಕಲ್ಲಿನ ಪಕ್ಕದ ಒಂದು ಹುಲ್ಲುಕಡ್ಡಿ ಕಿತ್ತು ಹಲ್ಲಿಗೆ ಚುಚ್ಚಿಕೊಂಡು ನೆಟ್ಟಗಾದ.

"ನಮ್ಮಪ್ಪ ಗೋನೆಗಂಡ್ಲದಾಗ ಬಂಡಿ ಹೊಡೀತಿದ್ದ ಸ್ವಾಮಿ" ಎಂದ. "ಕೊಟ್ಟಾಕಿನೇ ತೆಗೀಬೇಕು."

ಸೈಕಲ್ ಹತ್ತಿ ಹೋದ.

ಅಂದು ಬಜಾರಪ್ಪನ ಮನೆಯಲ್ಲಿ ಅನ್ನ ಬಡಿಸುವಾಗ ಶೇಷಮ್ಮ, "ಪೊಲೀಸಿನವನಿಗೆ ಅವರಪ್ಪ ಯಾರಂತ ನೆನಪೈತಿ. ನಮ್ಮ ಮನ್ಯಾಗ ಅದೂ ಇಲ್ಲ" ಎಂದಳು. ಬಜಾರಪ್ಪನ ಅಪ್ಪನೂ ಬಂಡಿ ಹೊಡೆದವನೇ. ಈ ಸಂಗತಿಯನ್ನು ಅವನು ಸೀಟಿ ಕಟ್ಟಿಕೊಂಡ ದಿನ ಕೊರಳಿನಿಂದ ತೆಗೆದಿಟ್ಟಿದ್ದ.

"ನಾ ಏನ್ ಮಾಡ್ಲೇ?" ಎಂದ ಅವನು.

"ಕಾಗದ ಬರದೋರು ಯಾರು?"

"ಬರೀ ಅಂದ್ರು, ಬರದೆ."

ದಸ್ತಗಿರಮ್ಮ ಸಾರಿನ ಸೌಟು ಹಿಡಿದು ಮಧ್ಯೆ ಬಂದಳು. "ಬಿಡವ್ವ ಶೇಷಮ್ಮ, ಉಣ್ಣೋ ಹೊತ್ನಾಗ ಅನ್ಬ್ಯಾಡ. ಅಕ್ಷರ ಕಲ್ತೋರಿಗೆ ಅದೊಂದು ಕಷ್ಟ, ಬರೀ ಅಂದ್ರ ಕೈ ತಾನ ಓಡ್ತೈತಿ."

ಅವಳು ಇದನ್ನು ಕನಿಕರದಿಂದಲೇ ಹೇಳಿದಳು. ಬಜಾರಪ್ಪನಿಗೆ ಜೀವಮಾನದಲ್ಲಿ ಅಂಥ ಏಟು ಬಿದ್ದಿರಲಿಲ್ಲ.

ಶನಿವಾರ ಹತ್ತು ಗಂಟೆಗೆ ಎಂಜಿನಿಯರ್ ಸಾಹೇಬರ ಜೀಪು ಬಂತು. ಬಿಸಿಲು ಆಗಲೇ ಕಾದಿತ್ತು. ಗುತ್ತಿಗೆದಾರರು ಅವರನ್ನು ನೇರ ಡೇರೆಗೆ ಕರೆದೊಯ್ದು, ಮಡಿಸುವ ಕುರ್ಚಿ ಹಾಕಿ, ಮಜ್ಜಿಗೆ ಕೊಟ್ಟು, "ಇಲ್ಲೇ ಕೂತು ನೋಡಿ ಸಾರ್, ಹತ್ತು ನಿಮಿಷದಲ್ಲಿ ರೋಲರು ಹೊರಡುತ್ತದೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಗುಡ್ಡ ಹತ್ತಿ ಬಂದರು. ಸಾಹೇಬರು ಕಾಲು ಚಾಚಿಕೊಂಡು ಮೇಲೆ ನೋಡುತ್ತಾ ಕೂತರು. ಮಧ್ಯೆ ಏನೂ ಅಡ್ಡವಿರಲಿಲ್ಲ. ಟ್ರೇಲರು ಚೆನ್ನಾಗಿ ಕಾಣುತ್ತಿತ್ತು.

ಮೌಲಾಲಿ ಲಾರಿಯನ್ನು ಹಿಂದಕ್ಕೆ ತಂದು ಟ್ರೇಲರಿನ ಮೂಗಿನ ಕೆಳಗೆ ನುಗ್ಗಿಸಿದ. ಢಣ್ ಎಂದು ಸದ್ದಾಯಿತು.

"ಆಯಿತು! ಹೂಡಿತು!" ಎಂದರು ಗುತ್ತಿಗೆದಾರರು.

"ಸದ್ದು ಬ್ಯಾರೆ ಐತಿ" ಎಂದ ಮೌಲಾಲಿ. "ಯಾರಾದ್ರು ಒಳಗ ಹೊಕ್ಕು ನೋಡ್ರಿ, ದವಡಿ ಕಚ್ಚೈತೋ ಇಲ್ಲೋ."

ನೋಡಬೇಕಾದವನು ಇನ್‌ಚಾರ್ಜ್. ಬಜಾರಪ್ಪ ಈವರೆಗೆ ಒಮ್ಮೆಯೂ ಟ್ರೇಲರಿನ ಕೆಳಗೆ ಹೊಕ್ಕಿರಲಿಲ್ಲ. ಧೋತರ ಬೆಳ್ಳಗಿರಬೇಕೆಂಬುದು ಅವನ ನಿಯಮ. ಅವತ್ತು ಯಾಕೋ ಕಚ್ಚೆ ಬಿಗಿದು, ಅಂಗಾತ ಮಲಗಿ, ಬೆನ್ನ ಮೇಲೆ ತೆವಳಿಕೊಂಡು ಒಳಗೆ ಹೋದ. ಹೊರಗಿದ್ದವರಿಗೆ ಅವನ ಎರಡು ಪಾದ ಮಾತ್ರ ಕಾಣುತ್ತಿದ್ದವು. ಬಹಳ ಹೊತ್ತು ಪಾದಗಳು ಅಲ್ಲಾಡಲಿಲ್ಲ.

"ಬಜಾರಪ್ಪಾ, ಸಂದು ಐತೇನು ನೋಡು" ಎಂದು ದಸ್ತಗಿರಮ್ಮ ಬಗ್ಗಿ ಕೂಗಿದಳು. ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನೊಗ ಹೆಗಲಿಗೆ ಕೂತಿದ್ರ ನಡುವ ಬೆಳಕು ಕಾಣಂಗಿಲ್ಲ."

"ಕಾಣ್ತೈತವ್ವ" ಎಂದಿತು ಒಳಗಿನ ದನಿ. "ಎರಡು ಬೆರಳು ಸಂದು. ಗೂಟ ದವಡ್ಯಾಗ ಇಲ್ಲ. ಮ್ಯಾಲ ಕೂತೈತಿ."

ಇಳಿಜಾರಿನಲ್ಲಿ ಟ್ರೇಲರಿನ ಮೂಗು ಒಂದಿಷ್ಟು ಎತ್ತರವಾಗಿತ್ತು, ಗೂಟ ಸೀಳಿಗೆ ಬೀಳದೆ ತಟ್ಟೆಯ ಮೇಲೆಯೇ ಹತ್ತಿ ಕೂತಿತ್ತು. ಹೊರಗಿನಿಂದ ನೋಡಿದವರಿಗೆ ಹೂಡಿದಂತೆಯೇ ಕಾಣುತ್ತದೆ.

ಬಜಾರಪ್ಪ ಮಣ್ಣು ಎಣ್ಣೆ ಮೆತ್ತಿಕೊಂಡು ಹೊರಗೆ ಬಂದ. ಗುತ್ತಿಗೆದಾರರು ಕೆಳಗೆ ಸಾಹೇಬರ ಕಡೆ ಕೈಬೀಸಿ ಹಲ್ಲು ತೋರಿಸಿ, ಅದೇ ಮುಖದಲ್ಲಿ ಇತ್ತ ತಿರುಗಿ ಹಲ್ಲು ಕಡಿದರು.

"ಕೂತಿದೆ. ಢಣ್ ಅಂತು, ನಾನೇ ಕೇಳಿದೆ. ಕೂತಿದೆ ಅಂತ ಬರೆದು ಸೈನು ಹಾಕು. ಆ ಕಲ್ಲು ತೆಗಿ. ಊಂ!"

ಪೆನ್ಸಿಲು ಕಿವಿಯ ಮೇಲೆಯೇ ಇತ್ತು. ಪುಸ್ತಕ ಜೇಬಿನಲ್ಲಿತ್ತು. ಬಜಾರಪ್ಪನ ಕೈ ಅಭ್ಯಾಸದಂತೆ ಮೇಲೆ ಹೋಯಿತು, ಕಿವಿಯನ್ನು ಮುಟ್ಟಿತು, ಪೆನ್ಸಿಲನ್ನು ಬಿಟ್ಟು ಕೊರಳಿಗೆ ಇಳಿಯಿತು. ಸೀಟಿಯ ದಾರ ಕಿತ್ತು ಗುತ್ತಿಗೆದಾರರ ಅಂಗೈಯಲ್ಲಿಟ್ಟ.

"ಕೂತಿಲ್ಲದ್ದನ್ನ ಕೂತೈತಿ ಅಂತ ಬರೆಯಂಗಿಲ್ರಿ. ಒಮ್ಮೆ ಬರದು ಆಗೈತಿ."

"ಮಿಲಿಟರಿಯಲ್ಲಿ ಇದ್ದವನು ನೀನು!"

"ಮಿಲಿಟರಿಯಾಗ ಪಾತ್ರಿ ತೊಳೀತಿದ್ದೆ ಸ್ವಾಮಿ. ಮೂರು ವರ್ಷ ತೊಳ್ದೀನಿ. ಒಂದು ಪಾತ್ರಿ ಮ್ಯಾಗೂ ಜಿಡ್ಡು ಬಿಟ್ಟಿಲ್ಲ. ಆ ಕೆಲಸ ಮಾತ್ರ ನನಗ ಖರೇ ಗೊತ್ತೈತಿ."

ಶೇಷಮ್ಮ ಗುಂಪಿನಲ್ಲಿದ್ದಳು. ತನ್ನ ಗಂಡ ಪಾತ್ರೆ ತೊಳೆಯುತ್ತಿದ್ದ ಎಂದು ನಲವತ್ತು ಮಂದಿಯ ಮುಂದೆ ಕೇಳಿ ಅವಳ ಕತ್ತು ಮೊದಲ ಸಲ ನೆಟ್ಟಗಾಯಿತು.

ಬಜಾರಪ್ಪ ಓಡಿಹೋಗಿ ಪೆಟ್ಟಿಗೆ ತಂದು, ಕಡತ ಬಿಚ್ಚಿ, ಒಂದು ಹಾಳೆ ತೆಗೆದು ದಸ್ತಗಿರಮ್ಮನಿಗೆ ಕೊಟ್ಟ. ಅವಳಿಗೆ ಓದು ಬರದು. ಹಾಳೆಯ ಅಡಿಯ ಮಸಿಗುರುತನ್ನು ಬಿಸಿಲಿಗೆ ಹಿಡಿದು, ತನ್ನ ಹೆಬ್ಬೆರಳಿಗೆ ಕುಡುಗೋಲು ತಾಗಿದ್ದ ಹಳೆಯ ಗಾಯದ ಗೀಟು ಅದರಲ್ಲಿ ಇದೆಯೋ ಎಂದು ಹೋಲಿಸಿ ನೋಡಿದಳು. ಇತ್ತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆಯ ಸಂಚಿಗೆ ಸೇರಿಸಿದಳು.

"ಆಯ್ತಲ್ಲ? ಕಾಗದ ಬಂತಲ್ಲ? ತೆಗಿ ಈಗ!" ಎಂದು ಗುತ್ತಿಗೆದಾರರು ಕಿರಿಚಿದರು.

"ಹೂಡಿದ ಮ್ಯಾಲ ತೆಗೀತೀನ್ರಿ. ಊರುಗಾಲು ಎರಡು ಸುತ್ತು ಎತ್ತಿ ಮೂಗು ತಗ್ಗಿಸಿ, ಮತ್ತೊಮ್ಮೆ ಲಾರಿ ತರಿಸ್ರಿ. ಅವಸರ ಯಾಕ?"

"ಯಾರೂ ಬೇಡ! ನೇನೇ ತೀಸ್ತಾ!" ಗುತ್ತಿಗೆದಾರರು ಪಂಚೆ ಮೇಲೆತ್ತಿ ಕಟ್ಟಿ, ಟ್ರೇಲರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಕಲ್ಲನ್ನು ಹಿಡಿದರು. ಮೌಲಾಲಿ ಗಾಬರಿಯಾಗಿ ಲಾರಿಯನ್ನು ಅರ್ಧ ಮೊಳ ಮುಂದೆ ಎಳೆದ. ಗೂಟ ತಟ್ಟೆಯ ಮೇಲೆ ಜಾರಿತು. ಹತ್ತು ಟನ್ನಿನ ರೋಲರು ಹೊತ್ತ ಟ್ರೇಲರು ಒಮ್ಮೆ ಮೈಮುರಿಯಿತು. ಗಾಲಿ ಕಲ್ಲನ್ನು ಒತ್ತಿತು. ಕಲ್ಲು ಕರ್ ಎಂದು ನೆಲದಲ್ಲಿ ಒಂದು ಬೆರಳು ಜಾರಿತು.

ಗುತ್ತಿಗೆದಾರರು ತಮ್ಮ ಬೆನ್ನ ಹಿಂದೆ ತಿರುಗಿ ನೋಡಿದರು.

ಎಂಟು ಗುಡಿಸಲು ಇರಲಿಲ್ಲ. ಬಂಡೆ ಇರಲಿಲ್ಲ. ಗುಡ್ಡದ ತಳದವರೆಗೆ ದಾರಿ ಗುಡಿಸಿ ಸಾರಿಸಿದಂತೆ ಚೊಕ್ಕಟವಾಗಿತ್ತು. ಆ ದಾರಿಯ ಕೊನೆಗೆ, ದಾರ ಹಿಡಿದು ಗೀಟು ಎಳೆದಷ್ಟು ನೇರಕ್ಕೆ, ಬಿಳಿಯ ಡೇರೆ. ಡೇರೆಯ ಬಾಯಲ್ಲಿ ಕಾಲು ಚಾಚಿದ ಎಂಜಿನಿಯರ್ ಸಾಹೇಬರು, ಮಜ್ಜಿಗೆಯ ಲೋಟ ಎತ್ತಿ ಇವರಿಗೆ ತೋರಿಸುತ್ತಿದ್ದಾರೆ.

ಕಲ್ಲನ್ನು ಎಳೆಯಲು ಹೋದ ಕೈಗಳು ಕಲ್ಲನ್ನು ಒತ್ತಿ ಹಿಡಿದವು. ನಮ್ಮ ಸೀಮೆಯಲ್ಲಿ ಒಬ್ಬ ಗುತ್ತಿಗೆದಾರ ತನ್ನ ಸ್ವಂತ ಕೈಯಿಂದ ಮಾಡಿದ ಮೊದಲ ಕೆಲಸ ಅದು ಎಂದು ಯಂಕಣ್ಣ ಇವತ್ತಿಗೂ ಹೇಳುತ್ತಾನೆ.

"ಅಮ್ಮಾ!" ಎಂದರು. ದಸ್ತಗಿರಮ್ಮನಿಗೆ ಆ ಬಾಯಿಂದ ಅಮ್ಮಾ ಎಂಬ ಮಾತು ಹೊಸದು. "ಬನ್ನಿ, ಎಲ್ಲಾರೂ ಬನ್ನಿ! ಹಿಂದಿನಿಂದ ಹೆಗಲು ಕೊಟ್ಟು ಹಿಡೀರಿ! ನಲವತ್ತು ಜನ ಇದ್ದೀರಿ, ಹೆಗಲು ಕೊಡ್ರಿ! ಏ ಯಂಕಣ್ಣಾ! ಏ ಬಜಾರಪ್ಪಾ!"

ಯಾರೂ ಕದಲಲಿಲ್ಲ. ಎಲ್ಲರ ಕಣ್ಣೂ ಕಲ್ಲು ಕೊಟ್ಟವಳ ಮೇಲಿತ್ತು.

ದಸ್ತಗಿರಮ್ಮ ಹತ್ತಿರ ಬಂದು, ಬಗ್ಗಿ, ಕಲ್ಲನ್ನು ನೋಡಿದಳು. ಪಕ್ಕದಲ್ಲಿ ಕೂತ ಗುತ್ತಿಗೆದಾರರನ್ನು ನೋಡಿದಳು. ಕಾಲೆತ್ತಿ ಕಲ್ಲಿಗೆ ಒಂದು ಒದೆ ಕೊಟ್ಟು ಗಾಲಿಯಡಿ ಬಿಗಿ ಮಾಡಿದಳು.

"ಇನ್ನೊಂದು ಗಳಿಗಿ ತಡೀತೈತಿ" ಎಂದಳು. "ಸಾಹೇಬ್ರನ್ನ ಎಬ್ಬಿಸ್ರಿ. ನಿಮ್ಮ ಡೇರೆ ಕೀಳ್ರಿ. ಆ ಸಮನೆಲದಾಗ ಈ ಟ್ರೇಲರನ್ನ ನಿಲ್ಲಿಸ್ರಿ."

"ಮೊದಲು ಹೆಗಲು ಕೊಡೇ!"

"ಕಲ್ಲು ಕೊಟ್ಟೀನಿ" ಎಂದಳು ದಸ್ತಗಿರಮ್ಮ. "ಹೆಗಲು ಕೊಡಂಗಿಲ್ಲ."